ಓಲ್ಡ್ ಏರ್‌ಪೋರ್ಟ್‌ನ ಹಗಲು ದೆವ್ವ

ನಮ್ಮ ಭಾವನಿಗೆ ದೆವ್ವ ಹಿಡಿದಿದೆ ಎಂದು ನಾನು ಖಂಡಿತ ಹೇಳುವುದಿಲ್ಲ. ಅವರೇ ದೆವ್ವ ಎಂದು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅರ್ಧ ಜನ ನಂಬಿರುವಾಗ ಅವರಿಗೆ ಇನ್ನೊಂದು ದೆವ್ವ ಹಿಡಿಯುವುದಾದರೂ ಹೇಗೆ? ಅದೂ ಎಂಥ ದೆವ್ವ! ನಮ್ಮ ಕಡೆಯ ದೆವ್ವಗಳಿಗೆ ಒಂದು ಶಿಸ್ತಿರುತ್ತದೆ, ಕತ್ತಲಾಗುವವರೆಗೆ ಕಾಯುತ್ತವೆ. ನಮ್ಮ ಭಾವ ಕಾಣಿಸಿಕೊಳ್ಳುವುದು ನಡುಮಧ್ಯಾಹ್ನ, ಬೆಕ್ಕುಗಳೂ ಕಾರಿನ ಅಡಿ ಸೇರಿಕೊಂಡು ಹೊರಗೆ ಬರಲೊಲ್ಲದ ಬಿಸಿಲಿನಲ್ಲಿ. ಕೈಯಲ್ಲಿ ಬಿಳಿ ಕೋಲು, ಕಿವಿಯಲ್ಲಿ ಹತ್ತಿ, ಕನ್ನಡಕದ ಗಾಜಿನ ಮೇಲೆ ದಪ್ಪಗೆ ಬಳಿದ ವ್ಯಾಸಲೀನ್!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ಇಲ್ಲಿನ ಒಂದು ಕಂಪನಿಯಲ್ಲಿ ಎಂಜಿನಿಯರ್. ಬೇರೆ ಎಂಜಿನಿಯರುಗಳು ರಸ್ತೆ ಹಾಕುತ್ತಾರೆ, ಸೇತುವೆ ಕಟ್ಟುತ್ತಾರೆ. ಇವರು ಮಾತ್ರ, ಕಾರಿಲ್ಲದವರು ಆ ರಸ್ತೆಯನ್ನು ದಾಟುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಮುದುಕರು, ಕಣ್ಣು ಕಾಣದವರು, ಗಾಲಿಕುರ್ಚಿಯವರು, ಕೂಸನ್ನು ತಳ್ಳುಗಾಡಿಯಲ್ಲಿಟ್ಟುಕೊಂಡ ತಾಯಂದಿರು, ಮನೆಗೆಲಸ ಮುಗಿಸಿ ಹೊರಟ ಹೆಂಗಸರು, ಇವರೆಲ್ಲ ಬಿಸಿಲಿಗೆ ತಲೆ ತಿರುಗಿ ಬೀಳದೆ ಬಸ್ ನಿಲ್ದಾಣ ತಲುಪಬೇಕು, ಎಡವದೆ ಬಸ್ಸು ಹತ್ತಬೇಕು, ಹಾಗೆಯೇ ಇಳಿಯಬೇಕು. ಅದನ್ನು ನೋಡಿಕೊಳ್ಳುವುದು ಭಾವನ ಕೆಲಸ. ಈ ಊರೋ, ಬೆಳಿಗ್ಗೆ ಹೋದ ದಾರಿ ಸಂಜೆಗೆ ಇರುವುದಿಲ್ಲ. ನೀವು ಆಫೀಸಿನಲ್ಲಿ ಕರಕ್ ಚಹಾ ಕುಡಿದು ಬರುವಷ್ಟರಲ್ಲಿ ಪ್ಲಾಸ್ಟಿಕ್ ತಡೆಗೋಡೆಗಳನ್ನು ಇಟ್ಟು, ರಸ್ತೆಯನ್ನೇ ಇನ್ನೊಂದು ಕಡೆಗೆ ತಿರುಗಿಸಿಬಿಟ್ಟಿರುತ್ತಾರೆ. ಕಣ್ಣಿದ್ದವರಿಗೇ ಈ ಗತಿ!

"ಮುದುಕರಿಗೆ ದಾರಿ ಮಾಡೋನು ವಾರಕ್ಕೊಂದು ಮಧ್ಯಾಹ್ನವಾದ್ರೂ ಮುದುಕ ಆಗ್ಬೇಕು ಕಣಯ್ಯಾ" ಎನ್ನುವುದು ಭಾವನ ಸಿದ್ಧಾಂತ. ಸಿದ್ಧಾಂತ ಯಾರಿಗಿಲ್ಲ? ನಮಗೂ ಇದೆ, ನಾವು ಅದನ್ನು ಪಾಲಿಸುವುದಿಲ್ಲ ಅಷ್ಟೇ. ಭಾವ ಪಾಲಿಸಿದರು. ಅಕ್ಕನ ಅಡುಗೆಮನೆಯಿಂದ ತೊಗರಿಬೇಳೆಯ ಪ್ಯಾಕೆಟ್ಟುಗಳನ್ನು ತೆಗೆದು ಎರಡೂ ಮಂಡಿಗೆ ಬಿಗಿಯಾಗಿ ಕಟ್ಟಿಕೊಂಡರು. ಮಂಡಿನೋವಿನವರು ಹೇಗೆ ನಡೆಯುತ್ತಾರೆ ಎಂದು ತಿಳಿಯಬೇಕಲ್ಲ! ಕಿವಿ ಮಂದವಾಗಲು ಹತ್ತಿ, ಕಣ್ಣು ಮಂಜಾಗಲು ವ್ಯಾಸಲೀನ್. ಹೀಗೆ ಸಿಂಗಾರವಾಗಿ ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಬರುತ್ತಿದ್ದರು. ಒಮ್ಮೆ ಊಟಕ್ಕೆ ಕರೆದಿದ್ದಾಗ ಸಾರು ಬಹಳ ಚೆನ್ನಾಗಿದೆ ಎಂದು ನಾನು ಹೊಗಳಿದೆ. ಅಕ್ಕ ನಿಟ್ಟುಸಿರು ಬಿಟ್ಟು, "ಬೇಳೆ ಊರೆಲ್ಲ ಸುತ್ಕೊಂಡು ಬಂದಿದೆ ಕಣೋ, ಅದಕ್ಕೇ ಬೇಗ ಬೆಂದಿದೆ" ಎಂದಳು.

ಬೇಳೆಯ ಕಥೆ ಇಷ್ಟಾದರೆ ಅಕ್ಕಿಯದು ಇನ್ನೊಂದು. ಒಂದು ಶುಕ್ರವಾರ ಭಾವ ಆಫೀಸಿನಿಂದ ಗಾಲಿಕುರ್ಚಿ ತಂದರು. ಅದನ್ನು ಬಸ್ಸಿಗೆ ಹತ್ತಿಸಿ ನೋಡಬೇಕಂತೆ. ಅದರಲ್ಲಿ ಕೂರುವವರು ಯಾರು? ಅಕ್ಕ ಒಲ್ಲೆ ಎಂದಳು. ನಾನು, ದೂರದ ರಾಸ್ ಲಫಾನ್ ಗ್ಯಾಸ್ ಸ್ಥಾವರದಲ್ಲಿ ಡ್ಯೂಟಿ ಇದೆ ಎಂದು ಮದೀನತ್ ಖಲೀಫಾದ ನನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆ. ಭಾವ ಹಿಂಜರಿಯುವವರೇ? ಸೋನಾ ಮಸೂರಿಯ ಎರಡು ಮೂಟೆಗಳನ್ನು ಒಂದರ ಮೇಲೊಂದು ಕೂರಿಸಿ, ಬೆಲ್ಟ್ ಬಿಗಿದು, ಮೇಲೊಂದು ಶಾಲು ಹೊದಿಸಿ, ತುದಿಗೆ ಟೋಪಿ ಇಟ್ಟು ಹೊರಟೇಬಿಟ್ಟರು!

ಶುಕ್ರವಾರ ಮಧ್ಯಾಹ್ನದ ದೋಹಾ ಹೇಗಿರುತ್ತದೆಂದು ನಿಮಗೆ ಗೊತ್ತೇ? ಅಂಗಡಿಗಳ ಷಟರ್ ಇಳಿದಿರುತ್ತದೆ. ಇಡೀ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಗೋಡೆಗಳ ಮೇಲಿನ ಏಸಿ ಪೆಟ್ಟಿಗೆಗಳು ಮಾತ್ರ ಗುಂಯ್ ಎನ್ನುತ್ತಾ ಬೀದಿಗೆ ಬಿಸಿ ಉಸಿರು ಬಿಡುತ್ತಿರುತ್ತವೆ. ದೂರದ ಡಾಂಬರು ನೀರಿನ ಹಾಗೆ ಅಲ್ಲಾಡುತ್ತದೆ. ಆ ಇಲ್ಲದ ನೀರಿನ ಮೇಲೆ, ಪಾದವೇ ಕಾಣದ ಒಬ್ಬ ಮನುಷ್ಯ, ಮುಖವೇ ಇಲ್ಲದ ಇನ್ನೊಬ್ಬರನ್ನು ತಳ್ಳಿಕೊಂಡು, ಬಗ್ಗಿ ಬಗ್ಗಿ ಅವರ ಜೊತೆ ಮಾತಾಡುತ್ತಾ ಬಂದರೆ ನಿಮಗೆ ಹೇಗಾಗಬೇಡ?

ನಮ್ಮ ಆಫೀಸಿನ ಉಡುಪಿ ಕಡೆಯ ಬಾಯಮ್ಮನವರು ಆ ಹೊತ್ತಿಗೆ ಚರ್ಚ್ ಮುಗಿಸಿ ಕಾರಿನಲ್ಲಿ ಬರುತ್ತಿದ್ದರು (ಇಲ್ಲಿ ರಜೆಯ ದಿನವಾದ ಶುಕ್ರವಾರವೇ ಚರ್ಚ್). ಮರುದಿನದ ಅವರ ಫೋನು ನನಗೆ ಈಗಲೂ ನೆನಪಿದೆ.

"ಪಾಪ ಬಿಸಿಲಲ್ಲಿ ಹೋಗ್ತಾರೆ, ಲಿಫ್ಟ್ ಕೊಡುವಾ ಅಂತ ಗ್ಲಾಸ್ ಇಳಿಸಿದೆ ಮಾರ್ರೆ. ನೋಡ್ತೇನೆ, ಟೋಪಿ ಉಂಟು, ಕೆಳಗೆ ಮುಖ ಇಲ್ಲ! ನಿಮ್ಮ ಭಾವ ಅದರ ಶಾಲು ಸರಿ ಮಾಡಿ 'ಸೆಕೆ ಆಗ್ತಿದ್ಯಾ' ಅಂತ ಕೇಳ್ತಿದ್ದಾರೆ. ಇವರು ಯಾರು ಅಂತ ಕೇಳಿದೆ. ಎಂತ ಹೇಳಿದ್ರು ಗೊತ್ತುಂಟಾ? 'ನಮ್ಮನೆಯವರೇ, ತಿಂಗಳೊಳಗೆ ಮುಗಿದು ಹೋಗ್ತಾರೆ' ಅಂದ್ರು! ದೇವರಾಣೆ, ಆಮೇಲೆ ಕಾರು ಯಾರು ಓಡಿಸಿದ್ದು ಅಂತ ನನಗೆ ಗೊತ್ತಿಲ್ಲ."

ಇದಾದ ಕೆಲವು ತಿಂಗಳಿಗೆ ಭಾವ ಕಾರು ಮಾರಿದರು. ಖತಾರ್‌ನಲ್ಲಿ ಕಾರು ಕೊಳ್ಳುವುದು ಸುದ್ದಿಯಲ್ಲ, ಮಾರಿ ಸುಮ್ಮನಿರುವುದು ಸುದ್ದಿ. ನಮ್ಮ ಕನ್ನಡದ ಗೆಳೆಯರೆಲ್ಲ ಕಲೆತು ಹೋಳಿಗೆ ಊಟಕ್ಕೆ ಸೇರುವ ದಿನ ಇದೇ ಚರ್ಚೆ. "ಕೆಲಸಕ್ಕೆ ಏನೂ ತೊಂದರೆ ಇಲ್ಲ ತಾನೇ ಸಾರ್?" ಎಂದು ಒಬ್ಬರು ಮೆತ್ತಗೆ ಕೇಳಿದರು. ಭಾವ ಎದೆ ಸೆಟೆಸಿ, "ಕಾರಿಲ್ಲದೆ ಓಡಾಡೋದು ಹೇಗೆ ಅಂತ ಊರಿಗೆಲ್ಲ ಹೇಳೋನು ನಾನು. ಅದನ್ನ ಕಾರಲ್ಲಿ ಹೋಗಿ ಹೇಳ್ಲೇನ್ರೀ? ಹೊಗೆ ಇಲ್ಲ, ಪೆಟ್ರೋಲ್ ಇಲ್ಲ, ಜನರ ಜೊತೆ ಕೂತ್ಕೊಂಡು ಬರ್ತೀನಿ" ಎಂದು ಭಾಷಣವನ್ನೇ ಬಿಗಿದರು. ಎಲ್ಲರೂ ಮುಸಿಮುಸಿ ನಕ್ಕರು. ನಾನೂ ನಕ್ಕೆ. ಆದರೆ ಪಾರ್ಕಿಂಗ್ ಹುಡುಕುತ್ತಾ ಊಟವಿದ್ದ ಕಟ್ಟಡವನ್ನು ಪ್ರದಕ್ಷಿಣೆ ಹಾಕಿ ನಾವು ಒಳಗೆ ಬರುವಷ್ಟರಲ್ಲಿ ಬಿಸಿ ಹೋಳಿಗೆಗಳೆಲ್ಲ ಬಸ್ಸಿನಲ್ಲಿ ಬಂದವರ ಹೊಟ್ಟೆ ಸೇರಿದ್ದವು!

ದೆವ್ವದ ಪುಕಾರು ನಿಜವಾಗಿ ಹಬ್ಬಿದ್ದು ಆಮೇಲೆ. ಅಕ್ಕನ ಮನೆಯ ಹತ್ತಿರ, ದೊಡ್ಡ ರಸ್ತೆಗೆ ಮುಖ ಮಾಡಿ ಮಂಗಳೂರಿನವರೊಬ್ಬರ ದಿನಸಿ ಅಂಗಡಿ ಇದೆ. ಕುಚ್ಚಲಕ್ಕಿಯಿಂದ ಹಿಡಿದು ಊರಿನ ಸುದ್ದಿಯವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ. ಒಂದು ದಿನ ನಾನು ಹೋದಾಗ ಅಂಗಡಿಯವರು ಸುತ್ತ ನೋಡಿ, ಧ್ವನಿ ತಗ್ಗಿಸಿದರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಭಾವ ಮನುಷ್ಯರೇ ಹೌದಾ?"

"ಯಾಕೆ ಸ್ವಾಮಿ?"

"ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಸರು ಹೇಳ್ತಾರೆ. ಹಿಂದಿನಿಂದ ಹೋದ್ರೂ ಹೇಳ್ತಾರೆ! ಮಧ್ಯಾಹ್ನ ಬಾಗಿಲು ಹಾಕಿ ಒಳಗೆ ಮಲಗಿದ್ರೆ ಹೊರಗೆ ಟಕ್ ಟಕ್ ಅಂತ ಕೇಳ್ತದೆ. ಎದ್ದು ನೋಡಿದ್ರೆ ರಸ್ತೆಯಲ್ಲಿ ಜನ ಇಲ್ಲ. ಮತ್ತೊಮ್ಮೆ ನೋಡಿದ್ರೆ ಬಸ್‌ಸ್ಟಾಪಿನಲ್ಲಿ ಇವರು ನಿಂತಿರ್ತಾರೆ. ಆ ಬಸ್ಸಿನ ಡ್ರೈವರ್ ಹೇಳ್ತಾನೆ, ಇದು ಜಿನ್ನು ಅಂತ."

"ಜಿನ್ನಿಗೆ ಬಸ್ ಕಾರ್ಡ್ ಯಾಕೆ ಬೇಕು? ಭಾವ ದಿನಾ ಕಾರ್ಡ್ ತೋರಿಸಿಯೇ ಹತ್ತೋದು."

ಅಂಗಡಿಯವರು ಗಂಭೀರವಾಗಿ ಯೋಚಿಸಿದರು. "ಅದು ಹೌದು. ಆದ್ರೆ ಇಲ್ಲಿ ಕಾರ್ಡ್ ಇಲ್ಲದೆ ಯಾರದ್ದು ನಡೀತದೆ ಹೇಳಿ!"

ನಾನು ಈ ಮಾತನ್ನು ಅಕ್ಕನಿಗೆ ನಗುತ್ತಾ ಹೇಳಿದೆ. ಅಕ್ಕ ನಗಲಿಲ್ಲ. ಇಂಡಿಯನ್ ಸ್ಕೂಲಿನಲ್ಲಿ ಟೀಚರಾದ ಅವಳು ತುಂಟ ಮಕ್ಕಳಿಗೂ ಹೆದರುವವಳಲ್ಲ, ದೆವ್ವಗಳಿಗಂತೂ ಇಲ್ಲವೇ ಇಲ್ಲ. ಅಂಥವಳು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಸಂಜೆ ಸ್ಕೂಲಿಂದ ಬರ್ತೀನಿ ಕಣೋ. ಮನೆಯೆಲ್ಲ ಕತ್ತಲೆ. ಒಂದು ಲೈಟೂ ಹಾಕಿರಲ್ಲ. ಯಾರೂ ಇಲ್ಲ ಅಂದ್ಕೊಂಡು ಚಪ್ಪಲಿ ಬಿಡೋಷ್ಟರಲ್ಲಿ ಸೋಫಾ ಮೂಲೆಯಿಂದ 'ಬಂದ್ಯಾ?' ಅಂತ ಧ್ವನಿ ಬರತ್ತೆ. ನನಗೆ ಎದೆ ಧಸಕ್ಕನ್ನತ್ತೆ."

"ಕರೆಂಟ್ ಉಳಿಸ್ತಿರಬೇಕು ಬಿಡು."

"ಮೊನ್ನೆ ಇಸ್ತ್ರಿಗೆ ಅಂತ ಕುರ್ಚಿ ಮೇಲೆ ಬಟ್ಟೆ ರಾಶಿ ಹಾಕಿದ್ದೆ. ಇವರು ಅದರ ಎದುರಿಗೆ ಕೂತು, 'ಯಾಕೆ ಮಾತಾಡ್ತಿಲ್ಲ, ಕೋಪಾನಾ? ಕಾಫಿ ಮಾಡ್ಕೊಡ್ಲಾ?' ಅಂತ ಕೇಳ್ತಿದ್ದಾರೆ. ಆ ರಾಶಿ ಮೇಲೆ ನನ್ನ ಹಸಿರು ಸೀರೆ ಇತ್ತು. ನಾನು ಅವರ ಹಿಂದೆಯೇ ನಿಂತಿದ್ದೆ ಕಣೋ!"

ನಾನು ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಆದರೂ ಗಂಡಸಲ್ಲವೇ, ಧೈರ್ಯ ಹೇಳಬೇಕಲ್ಲ! "ಮನೆಯೊಳಗೂ ವ್ಯಾಸಲೀನ್ ಹಚ್ಚಿಕೊಂಡು ಅಭ್ಯಾಸ ಮಾಡ್ತಿದ್ದಾರೆ ಅಂತ ಕಾಣತ್ತೆ" ಎಂದೆ.

"ತಲೆಗೆ ಏನಾದ್ರೂ ಆಗಿದ್ರೆ?" ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು. "ಡಾಕ್ಟರ ಹತ್ರ ಹೋಗೋಣ ಅಂದ್ರೆ ನಗ್ತಾರೆ. ಆಫೀಸಲ್ಲಿ ಗೊತ್ತಾದ್ರೆ ಕೆಲಸ ಖಲಾಸ್, ವೀಸಾ ಖಲಾಸ್, ಗಂಟುಮೂಟೆ ಕಟ್ಕೊಂಡು ಮೈಸೂರಿಗೆ ಹೋಗೋದೇ. ಹೋಗೋಣ ಬಿಡು, ಅದಕ್ಕಲ್ಲ. ನನಗೆ ಮನುಷ್ಯ ಬೇಕು ಕಣೋ. ಎದುರಿಗೇ ಇರ್ತಾರೆ, ನನ್ನ ಕಡೆ ನೋಡೋದೇ ಇಲ್ಲ. ನೀನು ಒಂದಿನ ಅವರ ಹಿಂದೆ ಹೋಗಿ ನೋಡ್ಕೊಂಡು ಬಾ."

ಹೋದೆ. ಶನಿವಾರ ಮಧ್ಯಾಹ್ನ, ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡು, ಪತ್ತೇದಾರನ ಗತ್ತಿನಲ್ಲಿ! ಭಾವ ಕಾಂಪೌಂಡ್ ಗೋಡೆಗೆ ಬೆರಳು ಸವರಿಕೊಂಡು ನಡೆಯುತ್ತಿದ್ದರು. ಏಸಿ ಪೆಟ್ಟಿಗೆಯ ಬಿಸಿ ಗಾಳಿ ಮುಖಕ್ಕೆ ಹೊಡೆದ ಕಡೆ ನಿಂತು, ಎಡಕ್ಕೆ ತಿರುಗಿದರು. ಸ್ವಲ್ಪ ಮುಂದೆ, ಖಾಲಿ ರಸ್ತೆಯ ನಡುವೆ, ಯಾವ ಕಾರಣವೂ ಇಲ್ಲದೆ ಗಕ್ಕನೆ ನಿಂತುಬಿಟ್ಟರು. ಅಲ್ಲಿ ಏನೂ ಇರಲಿಲ್ಲ. ನಾನು ಕಣ್ಣುಜ್ಜಿಕೊಂಡು ನೋಡುತ್ತಿರುವಾಗಲೇ ಪಕ್ಕದ ಗೇಟಿನೊಳಗಿಂದ ನೀರಿನ ಟ್ಯಾಂಕರ್ ಒಂದು ಹಿಮ್ಮುಖವಾಗಿ ನುಗ್ಗಿ ಬಂದು, ಅವರ ಮೂಗಿನ ಮುಂದೆ ಹಾದುಹೋಯಿತು. ಭಾವ ಏನೂ ಆಗದವರಂತೆ ಮೆಟ್ರೋ ನಿಲ್ದಾಣದ ಕಡೆ ನಡೆದರು.

ಮೆಟ್ರೋದಲ್ಲಿ ಭಾವ ಎಲ್ಲಕ್ಕಿಂತ ಮುಂದಿನ ಸೀಟು ಹಿಡಿದರು. ನಮ್ಮ ಮೆಟ್ರೋದಲ್ಲಿ ಡ್ರೈವರ್ ಇರುವುದಿಲ್ಲ. ಮುಂದಿನ ಗಾಜಿನಿಂದ ನೇರ ಸುರಂಗವೇ ಕಾಣುತ್ತದೆ. ಡಬ್ಬಿಯಲ್ಲಿ ನಾವಿಬ್ಬರೇ. ಕಪ್ಪು ಸುರಂಗದ ದೀಪಗಳು ಒಂದೊಂದಾಗಿ ಬಂದು ಅವರ ಮುಖವನ್ನು ಬೆಳಗಿ ನುಂಗಿ ಹೋಗುತ್ತಿದ್ದವು. ನಾನು ಕೊನೆಯ ಕಂಬದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ.

"ಭಾವಮೈದ," ಎಂದರು ಅವರು, ತಿರುಗದೆ. "ಅಷ್ಟು ದೂರ ಯಾಕೆ ನಿಂತಿದೀಯ? ಬಾ, ಕೂತ್ಕೋ."

ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತಿತು. "ಹೇ... ಹೇಗೆ ಗೊತ್ತಾಯ್ತು ಭಾವ?"

"ನಿನಗಿಂತ ಮೊದಲು ನಿನ್ನ ತಲೆಗೆ ಹಾಕೋ ಎಣ್ಣೆ ರೈಲು ಹತ್ತತ್ತಲ್ಲಯ್ಯಾ!"

ಪಕ್ಕದಲ್ಲಿ ಕೂತು ಅಕ್ಕನ ಹೆದರಿಕೆಯನ್ನು ನೇರವಾಗಿಯೇ ಹೇಳಿಬಿಟ್ಟೆ. ಭಾವ ಸುರಂಗದ ಕಡೆ ಕೋಲು ತೋರಿಸಿ, "ಮುಂದೆ ನೋಡೋಕೆ ಒಂದು ಕಣ್ಣೂ ಇಲ್ಲದ ರೈಲು ಇದು. ಇದನ್ನ ನಂಬಿ ಊರಿಗೂರೇ ಹತ್ತತ್ತೆ. ನನ್ನ ಒಬ್ಬನ್ನ ನಂಬಕ್ಕೆ ಆಗಲ್ವೇನಯ್ಯಾ ನಿಮಗೆ? ನಿಮ್ಮಕ್ಕಂಗೆ ಹೇಳು, ತಲೆ ನೆಟ್ಟಗಿದೆ ಅಂತ" ಎಂದರು. ಹೇಳಿದೆ. ಅಕ್ಕ ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಚಳಿಗಾಲ ಬಂತು. ಒಂದು ಶನಿವಾರ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಭಾನುವಾರ, ಅಂದರೆ ಇಲ್ಲಿನ ವಾರದ ಮೊದಲ ಕೆಲಸದ ದಿನ, ಬೆಳಿಗ್ಗೆ ಕಿಟಕಿ ಪರದೆ ಸರಿಸಿದರೆ ಹೊರಗೆ ಜಗತ್ತೇ ಇರಲಿಲ್ಲ! ಎದುರಿನ ಕಟ್ಟಡವಿಲ್ಲ, ರಸ್ತೆಯಿಲ್ಲ, ಕೆಳಗೆ ನಿಲ್ಲಿಸಿದ್ದ ನನ್ನ ಕಾರಿಲ್ಲ. ಬರೀ ಬಿಳಿ. ಈ ಊರಿನ ಮಂಜು ಹೀಗೆಯೇ, ವರ್ಷಕ್ಕೆ ಕೆಲವೇ ದಿನ ಬಂದರೂ ಬಂದಾಗ ಊರನ್ನೇ ಒರೆಸಿಹಾಕುತ್ತದೆ. ಟ್ಯಾಕ್ಸಿ ಸಿಗಲಿಲ್ಲ. ಅಕ್ಕನ ಸ್ಕೂಲ್ ವ್ಯಾನಿನ ಮಲಯಾಳಿ ಡ್ರೈವರ್ ಫೋನ್ ಮಾಡಿ, "ಟೀಚರೇ, ಇವತ್ತು ರೋಡ್ ಮಾಫಿ!" ಎಂದು ರಸ್ತೆಯೇ ಇಲ್ಲವೆಂದು ಘೋಷಿಸಿಬಿಟ್ಟ. ಅಕ್ಕನಿಗೆ ಪರೀಕ್ಷೆಯ ಡ್ಯೂಟಿ. ನನ್ನನ್ನು ರಾಸ್ ಲಫಾನ್‌ಗೆ ಒಯ್ಯುವ ಕಂಪನಿ ಬಸ್ಸು ಹೊರಡುವುದೋ ಇಲ್ಲವೋ, ನಾನಂತೂ ಅದು ಹೊರಡುವ ಜಾಗದಲ್ಲಿರಬೇಕು. ಇಬ್ಬರಿಗೂ ಉಳಿದದ್ದು ಮೆಟ್ರೋ ಒಂದೇ. ಅಲ್ಲಿಯವರೆಗೆ ಹೋಗುವುದು ಹೇಗೆ?

ಭಾವ ಇಸ್ತ್ರಿ ಅಂಗಿ ತೊಟ್ಟು, ಕೋಲು ಹಿಡಿದು, ಮದುಮಗನ ಹುರುಪಿನಲ್ಲಿ ಹೊರಗೆ ಬಂದರು. "ಯಲ್ಲಾ, ಹೊರಡೋಣ! ನೀನು ನನ್ನ ತೋಳು ಹಿಡ್ಕೋ. ಭಾವಮೈದ, ನೀನು ನಿಮ್ಮಕ್ಕನ ಬ್ಯಾಗಿನ ಪಟ್ಟಿ ಹಿಡ್ಕೋ. ಬಿಟ್ಟೀಯ, ಆಮೇಲೆ ಹುಡುಕಕ್ಕಾಗಲ್ಲ."

ಆ ನಡಿಗೆಯನ್ನು ಹೇಗೆ ಹೇಳಲಿ! ನನಗೆ ನನ್ನ ಬೂಟು ಕಾಣುತ್ತಿರಲಿಲ್ಲ. ಅಕ್ಕನ ಬೆನ್ನು ಒಂದು ನೆರಳು, ಅದರ ಮುಂದೆ ಭಾವ ಇದ್ದಾರೆ ಎನ್ನುವುದಕ್ಕೆ ಟಕ್ ಟಕ್ ಸದ್ದೊಂದೇ ಸಾಕ್ಷಿ. ಎಲ್ಲೋ ಕಾರುಗಳ ದೀಪ ಮಿಟುಕುತ್ತಿತ್ತು, ಕಾರುಗಳಿರಲಿಲ್ಲ. ಯಾರೋ ಹತ್ತಿರದಲ್ಲೇ ಕೆಮ್ಮಿದರು, ಯಾರೂ ಇರಲಿಲ್ಲ. ನಾವು ಸತ್ತು ಹೋಗಿದ್ದೇವೆಯೋ, ನಮಗಿನ್ನೂ ತಿಳಿಸಿಲ್ಲವೋ ಎಂಬ ಅನುಮಾನ ನನಗೆ ಗಂಭೀರವಾಗಿಯೇ ಬಂತು. ಭಾವನ ಧ್ವನಿ ಮಾತ್ರ ನಿಶ್ಚಿಂತೆಯಿಂದ ಮುಂದೆ ಮುಂದೆ ಹೋಗುತ್ತಿತ್ತು.

"ಬ್ರೆಡ್ ವಾಸನೆ ಬಂತಾ? ಬೇಕರಿ. ಇಲ್ಲಿ ಬಲಕ್ಕೆ. ಈಗ ಸೋಪಿನ ಉಗಿ ಬರತ್ತೆ ನೋಡು, ಲಾಂಡ್ರಿ. ಇಲ್ಲಿ ಇಳಿಜಾರಿದೆ, ಮೆಟ್ಟಿಲಲ್ಲ, ಹೆದರಬೇಡ. ಗಾಲಿಕುರ್ಚಿಯವರಿಗೆ ಅಂತ ನಾನೇ ಜಗಳ ಆಡಿ ಹಾಕಿಸಿದ್ದು. ನೆಲದಲ್ಲಿ ಗುಬುಟು ಗುಬುಟಾಗಿ ಸಿಗತ್ತಲ್ಲ, ಆ ಹಳದಿ ಪಟ್ಟಿ ಬಿಡಬೇಡಿ. ಅದೂ ನಾನು ಹಾಕಿಸಿದ್ದೇ!"

ಅಕ್ಕ ಎಷ್ಟೋ ದಿನದ ಮೇಲೆ ನಕ್ಕಳು. "ಗೊತ್ತು ರೀ, ಊರೆಲ್ಲ ನಿಮ್ಮದೇ" ಎಂದಳು.

ದೊಡ್ಡ ರಸ್ತೆ ಬರುವ ಹೊತ್ತಿಗೆ ಮಂಜು ಹೋಯಿತು. ನಿಧಾನವಾಗಿ ಅಲ್ಲ, ಯಾರೋ ಹೊದಿಕೆ ಎಳೆದ ಹಾಗೆ. ಮೊದಲು ಮಸೀದಿಯ ಮಿನಾರಿನ ತುದಿಗೆ ಬಿಸಿಲು ಬಿತ್ತು, ಆಮೇಲೆ ಮಂಗಳೂರು ಅಂಗಡಿಯ ಬೋರ್ಡಿಗೆ, ಆಮೇಲೆ ಬಸ್ ನಿಲ್ದಾಣಕ್ಕೆ, ಆಮೇಲೆ ನಮಗೆ. ಆಕಾಶ ನೀಲಿಯಾಗಿ ತೊಳೆದಿಟ್ಟಂತಿತ್ತು. ಎದುರಿಗೇ ಮೆಟ್ರೋ ನಿಲ್ದಾಣ! ನಾನು "ಅಬ್ಬಾ" ಎಂದು ಉಸಿರು ಬಿಟ್ಟು, ಬ್ಯಾಗಿನ ಪಟ್ಟಿ ಬಿಟ್ಟು, ನಗಲು ಹೊರಟೆ.

ಭಾವ ನಿಲ್ಲಲಿಲ್ಲ. ಕೋಲು ಮುಂದೆ ಚಾಚಿ, ಅದೇ ನಿಧಾನದಲ್ಲಿ, ಅಡಿ ಅಡಿ ಇಡುತ್ತಿದ್ದರು.

"ಹುಷಾರು, ರಸ್ತೆ ಬಂತು," ಎಂದರು. "ಕೈ ಬಿಡಬೇಡಿ. ಮುಖಕ್ಕೆ ಬಿಸಿಲು ತಾಕ್ತಿದೆ, ಆದ್ರೂ ನೋಡು, ಈ ಮಂಜು ಕರಗೋ ಲಕ್ಷಣವೇ ಇಲ್ಲ!"

ನಾನು ಅವರನ್ನು ದಾಟಿ ಮುಂದೆ ಹೋಗಿ ಮುಖ ನೋಡಿದೆ. ಕನ್ನಡಕ ಫಳಫಳ ಹೊಳೆಯುತ್ತಿತ್ತು. ವ್ಯಾಸಲೀನ್ ಇರಲಿಲ್ಲ, ಒಂದು ಬೆರಳಚ್ಚೂ ಇರಲಿಲ್ಲ. ಅದರ ಹಿಂದೆ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಆ ಕಣ್ಣುಗಳು ನನ್ನನ್ನು ದಾಟಿ, ಎಲ್ಲೂ ಇಲ್ಲದ ಒಂದು ಬಿಳುಪಿನ ಕಡೆ ನೋಡುತ್ತಿದ್ದವು.

ಎಂದಿನಿಂದ? ಕಾರು ಮಾರಿದಾಗಲೇ? ಕತ್ತಲೆಯಲ್ಲಿ ಕೂರಲು ಶುರು ಮಾಡಿದ್ದು, ದೀಪ ಹಾಕಿದರೂ ಅಷ್ಟೇ ಎಂದಾದಾಗಲೇ? ಹಸಿರು ಸೀರೆಗೆ ಕಾಫಿ ಬೇಕೇ ಎಂದು ಕೇಳಿದ್ದು, ಮುನಿಸಿಕೊಂಡ ಹೆಂಡತಿಯನ್ನು ಸಮಾಧಾನ ಮಾಡಲಿಕ್ಕೇ? ಕುರುಡನಂತೆ ನಟಿಸುತ್ತಾ ತಿರುಗುತ್ತಿದ್ದ ಮನುಷ್ಯನ ನಟನೆ ಯಾವ ಬಸ್ಸಿನಲ್ಲಿ, ಯಾವ ಮಧ್ಯಾಹ್ನ ನಿಜವಾಯಿತು? ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ಆ ನಗುವಿನ ಹಿಂದೆ ಅವರು ಅಡಗಿಕೊಂಡಿದ್ದರು. ಈ ಮನುಷ್ಯನ ಮೇಲೆ ಅಷ್ಟು ಪ್ರೀತಿ ನನಗಿತ್ತೆಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ.

"ಭಾವ..." ಎಂದೆ.

ಅಕ್ಕ ನನ್ನ ಕಡೆ ನೋಡಿದಳು. ಅವಳೂ ಕಂಡಿದ್ದಳು. ಬೇಡ ಎಂದು ತಲೆಯಾಡಿಸಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಧ್ವನಿ ಒಂಚೂರೂ ನಡುಗಲಿಲ್ಲ.

"ಹೌದು ರೀ, ನಮಗೂ ಏನೂ ಕಾಣ್ತಿಲ್ಲ," ಎಂದಳು. "ನೀವು ಮುಂದೆ ನಡೀರಿ. ನಾವು ಹಿಡ್ಕೊಂಡಿದೀವಿ."

"ಹಾಗೆ ಬನ್ನಿ ದಾರಿಗೆ!" ಎಂದು ಭಾವ ನಕ್ಕರು. ನಾನು ಬಿಟ್ಟಿದ್ದ ಪಟ್ಟಿಯನ್ನು ಮತ್ತೆ ಹಿಡಿದುಕೊಂಡೆ. ಎದುರಿನಲ್ಲಿ ಷಟರ್ ಎತ್ತುತ್ತಿದ್ದ ಮಂಗಳೂರಿನ ಅಂಗಡಿಯವರು ಅರ್ಧ ಎತ್ತಿದ ಷಟರನ್ನು ಹಾಗೇ ಹಿಡಿದು ನಿಂತುಬಿಟ್ಟರು. ನಿಚ್ಚಳ ಬಿಸಿಲಿನಲ್ಲಿ, ಒಬ್ಬರನ್ನೊಬ್ಬರು ಹಿಡಿದುಕೊಂಡು, ತಡವರಿಸುತ್ತಾ ರಸ್ತೆ ದಾಟುವ ಮೂವರನ್ನು ಕಂಡರೆ ಯಾರು ತಾನೇ ನಿಲ್ಲುವುದಿಲ್ಲ? ಓಲ್ಡ್ ಏರ್‌ಪೋರ್ಟ್‌ನಲ್ಲಿ ದೆವ್ವ ಇರುವುದು ಒಂದಲ್ಲ, ಮೂರು ಎಂದು ಅವರು ಆಮೇಲೆ ಬಂದವರಿಗೆಲ್ಲ ಹೇಳಿದರಂತೆ. ನಾನು ಅಲ್ಲಗಳೆಯಲು ಹೋಗಲಿಲ್ಲ.